ಸೋತವನನ್ನ ಚೆನ್ನಾಗಿ ನೋಡ್ಕೊಳ್ಳೋ ಕಂಪನಿ ಯಾವುದು? ಡಬ್ಲ್ಯುಡಬ್ಲ್ಯುಇ, ಎಇಡಬ್ಲ್ಯು, ನ್ಯೂ ಜಪಾನ್ ಮೂರನ್ನೂ ನೋಡಿ ಅನ್ಸಿದ್ದು

ಎರಡು ವರ್ಷ ತುಂಬೋದ್ರೊಳಗೆ ಪ್ರೊ ರೆಸ್ಲಿಂಗ್ ಅಂದ್ರೆ ಟೀವಿ ಕುಸ್ತಿಲಿ ಮೂರು ದೊಡ್ಡ ರಿಟೈರ್‌ಮೆಂಟ್ ಮ್ಯಾಚ್ ಆಗಿಹೋಯ್ತು. 2024ರ ಮಾರ್ಚ್ 3ಕ್ಕೆ ಎಇಡಬ್ಲ್ಯುನಲ್ಲಿ ಸ್ಟಿಂಗ್, 2025ರ ಡಿಸೆಂಬರ್ 13ಕ್ಕೆ ಡಬ್ಲ್ಯುಡಬ್ಲ್ಯುಇನಲ್ಲಿ ಜಾನ್ ಸೀನಾ, ಅದಾಗಿ ಮೂರು ವಾರಕ್ಕೆ 2026ರ ಜನವರಿ 4ಕ್ಕೆ ನ್ಯೂ ಜಪಾನ್‌ನ ಹಿರೋಶಿ ತಾನಾಹಾಶಿ. ಸ್ಟಿಂಗ್ ಗೆದ್ದು ಹೋದ, ಮಿಕ್ಕಿಬ್ರೂ ಸೋತು ಹೋದ್ರು. ನಾನು ಮೂರೂ ಕಂಪನಿನ ಫಾಲೋ ಮಾಡೋನು, ಮೂರರ ಬುಕಿಂಗ್ (ಯಾರು ಗೆಲ್ಬೇಕು, ಕಥೆ ಎಲ್ಲಿಗೆ ಹೋಗ್ಬೇಕು ಅಂತ ಮೊದ್ಲೇ ಬರೆದಿಡೋದು) ಹೇಗೆ ಬೇರೆ ಬೇರೆ ಅನ್ನೋದು ಈ ಮೂರು ಮ್ಯಾಚಲ್ಲೇ ಪೂರ್ತಿ ಕಾಣುತ್ತೆ, ಅದಕ್ಕೆ ಅಲ್ಲಿಂದಾನೇ ಶುರು ಮಾಡ್ತೀನಿ.

ನನ್ನ ಅಳತೆಗೋಲು ಒಂದೇ. ಗೆದ್ದವನನ್ನ ಯಾರು ಬೇಕಾದ್ರೂ ಹೀರೋ ಮಾಡ್ಬಹುದು, ಬೆಲ್ಟು ಕೊಟ್ಟು ಪಟಾಕಿ ಹೊಡೆದ್ರೆ ಆಯ್ತು. ಸೋತವನು ಮುಂದಿನ ವಾರ ಏನ್ ಮಾಡ್ತಾನೆ, ಆ ಸೋಲು ಅವನ ಜೊತೆ ಬರುತ್ತಾ ಇಲ್ಲ ಅಲ್ಲೇ ಮರ್ತುಹೋಗುತ್ತಾ, ಆರು ತಿಂಗಳಾದ್ಮೇಲೆ ಯಾರಾದ್ರೂ ಅದನ್ನ ಎತ್ತಿ ಆಡ್ತಾರಾ, ಇದನ್ನ ನೋಡಿ ನಾನು ಬುಕಿಂಗ್ ಅಳೆಯೋದು. "ಅದೆಲ್ಲ ಡ್ರಾಮಾ ಅಲ್ವಾ ಗುರೂ" ಅಂತ ಕೇಳೋರಿಗೂ ಇದೇ ಉತ್ತರ. ಬಯಲಾಟದಲ್ಲಿ ಕೌರವ ಸಾಯ್ತಾನೆ ಅಂತ ಊರಿಗೆಲ್ಲ ಗೊತ್ತು, ಆದ್ರೂ ಅವನು ಸರೋವರದಿಂದ ಎದ್ದು ಬರೋ ಹೊತ್ತಿಗೆ ಬೆಳಗಿನ ಜಾವ ಆಗಿದ್ರೂ ಜನ ಜಾಗ ಬಿಟ್ಟು ಏಳಲ್ಲ, ಯಾಕಂದ್ರೆ ಅಲ್ಲಿ ಸೋಲೋನಿಗೇ ದೊಡ್ಡ ಪಾತ್ರ.

ಮೊದ್ಲು ಸ್ಟಿಂಗ್. ಊರು ಗ್ರೀನ್ಸ್‌ಬರೋ, 1988ರಲ್ಲಿ ರಿಕ್ ಫ್ಲೇರ್ ಜೊತೆ 45 ನಿಮಿಷ ಆಡಿ ಡ್ರಾ ಮಾಡ್ಕೊಂಡು ರಾತ್ರೋರಾತ್ರಿ ಸ್ಟಾರ್ ಆದ ಅದೇ ಕಟ್ಟಡ. 64 ವರ್ಷದ ಮನುಷ್ಯ, ಜೊತೆಗೆ ಡಾರ್ಬಿ ಆಲಿನ್, ಎದುರಿಗೆ ಯಂಗ್ ಬಕ್ಸ್ ಅನ್ನೋ ಅಣ್ಣತಮ್ಮಂದಿರ ಜೋಡಿ. ಸ್ಟಿಂಗ್ ಮಕ್ಕಳಿಬ್ರು ಅಪ್ಪನ ಹಳೇ ವೇಷ ಹಾಕ್ಕೊಂಡು ಬಂದ್ರು, ಡಾರ್ಬಿ ಏಣಿ ಮೇಲಿಂದ ಗಾಜಿನ ಮೇಲೆ ಬಿದ್ದು ಬೆನ್ನೆಲ್ಲ ರಕ್ತ ಮಾಡ್ಕೊಂಡ, ಕೊನೆಗೆ ಸ್ಕಾರ್ಪಿಯನ್ ಡೆತ್‌ಲಾಕ್ ಅನ್ನೋ ಕಾಲು ಮಡಚೋ ಪಟ್ಟು ಹಾಕಿ ಟ್ಯಾಪ್ ಮಾಡ್ಸಿ (ಎದುರಾಳಿ ಕೈ ತಟ್ಟಿ ಸೋಲೊಪ್ಪೋ ಹಾಗೆ ಮಾಡಿ) ಸ್ಟಿಂಗ್ ಗೆದ್ದ. ನೋಡ್ತಾ ಕಣ್ಣು ತುಂಬ್ಕೊಳ್ತು, ಮೂರರಲ್ಲಿ ಮನಸ್ಸಿಗೆ ಅತಿ ಹೆಚ್ಚು ತಟ್ಟಿದ್ದು ಇದೇ. ಆದ್ರೆ ನನ್ನ ಅಳತೆಗೋಲು ಇಟ್ಟು ನೋಡಿದ್ರೆ? ಸ್ಟಿಂಗ್ ಬಿಟ್ಟುಹೋದ ಟ್ಯಾಗ್ (ಜೋಡಿ) ಬೆಲ್ಟನ್ನ ಏಳೇ ವಾರದಲ್ಲಿ ಡೈನಸ್ಟಿ ಶೋನಲ್ಲಿ ಅದೇ ಯಂಗ್ ಬಕ್ಸ್ ಗೆದ್ಕೊಂಡ್ರು. 64 ವರ್ಷದವನ ಕೈಲಿ ಟ್ಯಾಪ್ ಔಟ್ ಮಾಡಿದೋರಿಗೆ ಅದ್ರಿಂದ ಒಂದು ಗೀರೂ ಬೀಳ್ಲಿಲ್ಲ. ಎಇಡಬ್ಲ್ಯು ಸಮಸ್ಯೆ ಪೂರ್ತಿ ಇಷ್ಟೇ: ಆ ರಾತ್ರಿ ಸಿಕ್ಕಾಪಟ್ಟೆ ಚೆನ್ನಾಗಿರುತ್ತೆ, ಬೆಳಗಾದ್ರೆ ಅದ್ರ ಲೆಕ್ಕ ಇಡೋರಿಲ್ಲ.

ಸೀನಾದು ಉಲ್ಟಾ. ವಾಷಿಂಗ್ಟನ್‌ನಲ್ಲಿ ಗುಂಥರ್ ಸ್ಲೀಪರ್ ಅನ್ನೋ ಕತ್ತು ಹಿಸುಕೋ ಪಟ್ಟು ಹಾಕಿದಾಗ ಸೀನಾ ಒಂದು ಸಣ್ಣ ನಗು ನಕ್ಕು ಟ್ಯಾಪ್ ಮಾಡ್ದ. ಅಷ್ಟು ವರ್ಷ "ನೆವರ್ ಗಿವ್ ಅಪ್" ಅಂತ ಟೀ ಶರ್ಟ್ ಮಾರಿದ ಮನುಷ್ಯ. ಜನ ಬುಕಿಂಗ್ ನೋಡ್ಕೊಳ್ಳೋ ಟ್ರಿಪಲ್ ಎಚ್ ಮೇಲೆ ರೇಗಿ ಬೂ ಅಂದ್ರು, ನಮ್ಮ ವಾಟ್ಸಾಪ್ ಗ್ರೂಪಲ್ಲೂ ಬೆಳಗ್ಗೆ ಎದ್ದು ನೋಡಿದೋರೆಲ್ಲ ಬೈದಿದ್ದೇ ಬೈದಿದ್ದು. ಅರ್ಥ ಆಗುತ್ತೆ, ನಮ್ಮ ಕಡೆ ಹುಡುಗರು ಟೆನ್ ಸ್ಪೋರ್ಟ್ಸ್ ನೋಡ್ಕೊಂಡು, ಹೈಟು ವೇಟು ಬೈಸೆಪ್ಸ್ ರ‍್ಯಾಂಕ್ ಅಂತ ಟ್ರಂಪ್ ಕಾರ್ಡ್ ಆಡ್ಕೊಂಡು ಬೆಳೆದೋರು, ಸೀನಾ ಸೋಲೋದನ್ನ ಅದೂ ಕೊನೇ ದಿನ ನೋಡೋಕೆ ಯಾರಿಗೂ ಇಷ್ಟ ಇಲ್ಲ. ಆದ್ರೂ ನಾನು ಈ ಫಿನಿಷ್ ಪರ ನಿಲ್ತೀನಿ. ಹೋಗೋನು ಇರೋನಿಗೆ ಏನಾದ್ರೂ ಬಿಟ್ಟು ಹೋಗ್ಬೇಕು, ಅದು ಈ ಆಟದ ಹಳೇ ಪದ್ಧತಿ, ಗುಂಥರ್‌ಗೆ ಇನ್ನು ಹತ್ತು ವರ್ಷ "ಸೀನಾನ ಟ್ಯಾಪ್ ಮಾಡ್ಸಿದೋನು" ಅನ್ನೋ ಹಣೆಪಟ್ಟಿ ಇರುತ್ತೆ, ಅವನು ಎಲ್ಲಿ ಹೋದ್ರೂ ಬೂ ಬರುತ್ತೆ, ಅವನನ್ನ ಸೋಲಿಸೋ ಹುಡುಗ ಒಂದೇ ರಾತ್ರಿಲಿ ದೊಡ್ಡೋನಾಗ್ತಾನೆ.

ನನ್ನ ಸಿಟ್ಟಿರೋದು ಆ ಕೊನೇ ರಾತ್ರಿ ಮೇಲಲ್ಲ, ಅದಕ್ಕೆ ಮುಂಚಿನ ವರ್ಷದ ಮೇಲೆ. 2025ರ ಮಾರ್ಚ್ 1ಕ್ಕೆ ಟೊರಾಂಟೋದಲ್ಲಿ ಸೀನಾ ಹೀಲ್ (ವಿಲನ್) ಆದಾಗ ಮೈ ಜುಮ್ ಅಂತು, ಆಗ ಚಾಂಪಿಯನ್ ಆಗಿದ್ದ ಕೋಡಿ ರೋಡ್ಸ್‌ನ ತಬ್ಕೊಂಡಿದ್ದವನು ಹಾಗೇ ಕೆಳಗೆ ಒದ್ದನಲ್ಲ, ಇಪ್ಪತ್ತು ವರ್ಷದಿಂದ ಜನ ಕಾದಿದ್ದು ಅದಕ್ಕೇ. ಆಮೇಲೆ? ಆ ಕಥೆ ಹಚ್ಚಿದ, ಈಗ ಸಿನಿಮಾ ಸ್ಟಾರ್ ಆಗಿರೋ ರಾಕ್ ಮತ್ತೆ ಕಾಣಿಸ್ಲೇ ಇಲ್ಲ, ವರ್ಷದ ಅತಿ ದೊಡ್ಡ ಶೋ ಆದ ರೆಸಲ್‌ಮೇನಿಯಾ ಮೇನ್ ಇವೆಂಟಲ್ಲಿ ಟ್ರ್ಯಾವಿಸ್ ಸ್ಕಾಟ್ ಅನ್ನೋ ಹಾಡುಗಾರ ಬಂದು ಅಡ್ಡ ಬಿದ್ದ, 17ನೇ ವರ್ಲ್ಡ್ ಟೈಟಲ್ ಅನ್ನೋ ಚರಿತ್ರೆ ಅಷ್ಟು ಸಪ್ಪೆಯಾಗಿ ಆಗೋಯ್ತು, ಸಮ್ಮರ್‌ಸ್ಲ್ಯಾಮ್ (ಆಗಸ್ಟ್ ಶೋ) ಬರೋ ಹೊತ್ತಿಗೆ ಸೀನಾ ಯಾವ ಕಾರಣಾನೂ ಸರಿಯಾಗಿ ಹೇಳ್ದೆ ಮತ್ತೆ ಒಳ್ಳೆಯವನಾಗ್ಬಿಟ್ಟ. ಒಂದು ತಲೆಮಾರಿಗೆ ಒಂದ್ಸಲ ಸಿಗೋ ಹೀಲ್ ಟರ್ನ್, ಐದು ತಿಂಗಳಲ್ಲಿ ಮಡಚಿ ಇಟ್ರು. ಇದನ್ನ ನಾನು ಕ್ಷಮಿಸಲ್ಲ.

ಇನ್ನು ತಾನಾಹಾಶಿ. 2012ರ ಫೆಬ್ರವರಿಲಿ ಒಸಾಕಾದಲ್ಲಿ 24 ವರ್ಷದ ಕಜುಚಿಕಾ ಒಕಾಡಾ ಅನ್ನೋ ಹುಡುಗ ಬಂದು, ಆಗ ಕಂಪನಿನ ಹೆಗಲ ಮೇಲೆ ಹೊತ್ಕೊಂಡಿದ್ದ ತಾನಾಹಾಶಿನ ಸೋಲಿಸಿ ಬೆಲ್ಟು ಕಿತ್ಕೊಂಡಿದ್ದ, ಯಾರೂ ನಂಬಿರ್ಲಿಲ್ಲ. ಅಲ್ಲಿಂದ ಶುರುವಾದ ಜಗಳ ಅವ್ರಿಬ್ಬರದು. 2024ರಲ್ಲಿ ಒಕಾಡಾ ಕಂಪನಿ ಬಿಟ್ಟು ಎಇಡಬ್ಲ್ಯುಗೆ ಹೋದ, ತಾನಾಹಾಶಿ ಆ ಹೊತ್ತಿಗೆ ನ್ಯೂ ಜಪಾನ್ ಪ್ರೆಸಿಡೆಂಟ್ ಆಗಿದ್ದ. ಕೊನೇ ಮ್ಯಾಚಿಗೆ ಎದುರಾಳಿ ಯಾರು ಅಂತ ಬಂದಾಗ ಬಿಟ್ಟುಹೋದವನನ್ನೇ ಕರೆಸಿದ್ರು, ಟೋಕಿಯೋ ಡೋಮ್ ತುಂಬಿತ್ತು, ಒಕಾಡಾನೇ ಗೆದ್ದ. 49 ವರ್ಷದ ಮನುಷ್ಯ, ಮಂಡಿ ಪೂರ್ತಿ ಸವೆದಿದೆ, ಆದ್ರೂ ಆ ಹೈ ಫ್ಲೈ ಫ್ಲೋ (ಮೇಲಿಂದ ಎದುರಾಳಿ ಮೇಲೆ ಬೀಳೋದು) ಹಾರೋಕೆ ರಿಂಗ್ ಮೂಲೆಯ ಟರ್ನ್‌ಬಕಲ್ ಹತ್ತಿದಾಗ ಡೋಮ್ ಪೂರ್ತಿ ಎದ್ದಿತ್ತು. ಇಲ್ಲಿ ಫಿನಿಷ್ ಬಗ್ಗೆ ಯಾರೂ ಬೂ ಅನ್ನಲಿಲ್ಲ, ಯಾಕಂದ್ರೆ 14 ವರ್ಷದ ಲೆಕ್ಕ ಎಲ್ರಿಗೂ ಗೊತ್ತಿತ್ತು. ಅದೇ ಶೋನಲ್ಲಿ ಯೋಟಾ ತ್ಸುಜಿ, ತಾಕೆಶಿತಾನ ಸೋಲಿಸಿ ದೊಡ್ಡ ಬೆಲ್ಟು ಗೆದ್ದ, ಅಂದ್ರೆ ಹಳಬನ ಕಥೆ ಮುಗಿಸಿ ಹೊಸಬನ ಕಥೆ ಶುರು ಮಾಡಿದ್ದೂ ಒಂದೇ ದಿನ. ಮೂರರಲ್ಲಿ ಬುಕಿಂಗ್ ಮಟ್ಟಿಗೆ ಇದಕ್ಕೇ ನನ್ನ ಫಸ್ಟ್ ಪ್ರೈಜ್.

ಆದ್ರೆ ಒಂದೊಂದು ರಾತ್ರಿ ನೋಡಿ ತೀರ್ಪು ಕೊಡೋದು ತಪ್ಪು, ಉದ್ದನೆ ಕಥೆನ ಯಾರು ಹೇಗೆ ನಡೆಸ್ತಾರೆ ಅನ್ನೋದೇ ಮುಖ್ಯ.

ಡಬ್ಲ್ಯುಡಬ್ಲ್ಯುಇ ಕಡೆಯಿಂದ ಬ್ಲಡ್‌ಲೈನ್. ರೋಮನ್ ರೇನ್ಸ್ ತನ್ನ ಕುಟುಂಬದವ್ರನ್ನ ಕಟ್ಕೊಂಡು ಮಾಡಿದ ಗ್ಯಾಂಗ್ ಅದು. ಅವನು 2020ರ ಆಗಸ್ಟಿಂದ 2024ರ ಏಪ್ರಿಲ್‌ವರೆಗೆ 1316 ದಿನ ಬೆಲ್ಟು ಇಟ್ಕೊಂಡಿದ್ದ, ಅದ್ರಲ್ಲಿ ಎಷ್ಟೋ ತಿಂಗಳು ಮನುಷ್ಯ ಟೀವಿಲೇ ಇರ್ತಿರ್ಲಿಲ್ಲ, ಅದು ಬೇರೆ ಮಾತು. ಆದ್ರೆ 2023ರ ರಾಯಲ್ ರಂಬಲ್ ಕೊನೇ ಹತ್ತು ನಿಮಿಷ ಇದ್ಯಲ್ಲ, ಅದನ್ನ ಕುಸ್ತಿ ಅಂದ್ರೆ ಮೂಗು ಮುರಿಯೋರಿಗೂ ತೋರಿಸ್ಬಹುದು. ಕೆವಿನ್ ಓವೆನ್ಸ್‌ನ ಹಗ್ಗಕ್ಕೆ ಬೇಡಿ ಹಾಕಿ ಕಟ್ಟಿದಾರೆ, ರೋಮನ್ ಚೇರ್ ತಂದು ಆಗ ಗ್ಯಾಂಗ್ ಜೊತೆಗಿದ್ದ ಸಾಮಿ ಜೇನ್ ಕೈಗೆ ಕೊಟ್ಟು ನಿನ್ನ ಗೆಳೆಯನ್ನ ನೀನೇ ಹೊಡಿ ಅಂತಾನೆ, ಸಾಮಿ ಚೇರ್ ಹಿಡ್ಕೊಂಡು ನಿಂತಿರ್ತಾನೆ, ಓವೆನ್ಸ್ ಕಡೆ ನೋಡ್ತಾನೆ, ರೋಮನ್ ಕಡೆ ನೋಡ್ತಾನೆ, ರೋಮನ್ ಬೈತಾನೆ ಮುಖ ತಳ್ತಾನೆ, ಬೆನ್ನು ತಿರುಗಿಸಿದ ತಕ್ಷಣ ಚೇರ್ ರೋಮನ್ ಬೆನ್ನಿಗೇ ಬೀಳುತ್ತೆ. ಅದಾದ್ಮೇಲೆ ಎಲ್ರೂ ಸೇರಿ ಸಾಮಿಗೆ ಹೊಡೀತಿದ್ರೆ ಗ್ಯಾಂಗ್‌ನ ಜೇ ಊಸೋ ಒಬ್ಬ ಮಾತ್ರ ಕೈ ಎತ್ತದೆ ತಲೆ ತಗ್ಗಿಸ್ಕೊಂಡು ಹೊರಗೆ ನಡ್ಕೊಂಡು ಹೋಗ್ತಾನೆ. ಒಂದೂ ಮೂವ್ ಇಲ್ಲ, ಆದ್ರೂ ಆ ವರ್ಷದ ಬೆಸ್ಟ್ ಸೀನ್ ಅದು.

ಮುಂದಿನ ತಿಂಗಳು ಸಾಮಿ ತನ್ನದೇ ಊರು ಮಾಂಟ್ರಿಯಲ್‌ನಲ್ಲಿ ರೋಮನ್ ಕೈಲಿ ಸೋತ. ಆಗ ಎಲ್ರೂ ಅತ್ರು, ನಾನಂತೂ ಆವತ್ತೇ ಬೆಲ್ಟು ಕೊಡ್ಬೇಕಿತ್ತು ಅಂತ ಈಗ್ಲೂ ವಾದ ಮಾಡ್ತೀನಿ. ಆದ್ರೆ ಆ ಸೋಲನ್ನ ಕಂಪನಿ ಬಿಸಾಕ್ಲಿಲ್ಲ, ಏಪ್ರಿಲ್ 1ಕ್ಕೆ ರೆಸಲ್‌ಮೇನಿಯಾ ಮೊದಲ ರಾತ್ರಿ ಮೇನ್ ಇವೆಂಟಲ್ಲೇ ಸಾಮಿ ಮತ್ತು ಓವೆನ್ಸ್ ಸೇರಿ ಊಸೋಗಳಿಂದ (ಜೇ ಮತ್ತು ಅವನ ಅವಳಿ) ಟ್ಯಾಗ್ ಬೆಲ್ಟು ತಗೊಂಡ್ರು. ಮಾರನೇ ರಾತ್ರಿ ಕೋಡಿ ರೋಡ್ಸ್ ಸೋತಿದ್ದು ಮಾತ್ರ ಬೇರೆ ಥರ, ಬ್ಲಡ್‌ಲೈನ್‌ನ ಸೋಲೋ ಸಿಕೋವಾ ಬಂದು ಕೆಡ್ಸಿದ, ಅದರ ಬಾಕಿ ತೀರೋಕೆ ಒಂದು ವರ್ಷ ಕಾಯ್ಬೇಕಾಯ್ತು, ಅದೂ ಮಧ್ಯೆ ರಾಕ್ ಬಂದು ಕೋಡಿ ಜಾಗ ತಗೊಳ್ಳೋಕೆ ಹೊರಟಾಗ ಜನ ಗಲಾಟೆ ಮಾಡಿದ್ದಕ್ಕೆ ಉಳಿದಿದ್ದು. ಕೋಡಿ ಗೆದ್ದಾಗ ಸೀನಾ, ರಾಕ್, ಅಂಡರ್‌ಟೇಕರ್ ಎಲ್ಲ ಬಂದು ಹೋದ್ರು, ಮದುವೆ ಮನೆಗಿಂತ ಜಾಸ್ತಿ ಜನ ರಿಂಗ್‌ಗೆ ಬಂದ್ರು, ಆದ್ರೂ ಖುಷಿ ಆಯ್ತು.

ಈಗ ಎಇಡಬ್ಲ್ಯು ಕಡೆಯಿಂದ ಹ್ಯಾಂಗ್‌ಮ್ಯಾನ್ ಪೇಜ್ ಮತ್ತು ಸ್ವರ್ವ್ ಸ್ಟ್ರಿಕ್‌ಲ್ಯಾಂಡ್. ನನ್ನ ಪ್ರಕಾರ ಈ ದಶಕದಲ್ಲಿ ಅಮೆರಿಕಾ ಕುಸ್ತಿಲಿ ಬಂದ ಅತ್ಯುತ್ತಮ ಕಥೆ ಇದೇ, ಬ್ಲಡ್‌ಲೈನ್‌ಗಿಂತಲೂ ಒಂದು ಗುಲಗಂಜಿ ಮೇಲೆ. 2023ರಲ್ಲಿ ಸ್ವರ್ವ್ ಪೇಜ್ ಮನೆಗೇ ನುಗ್ಗಿ ಅವನ ಮಗು ತೊಟ್ಟಿಲ ಹತ್ರ ನಿಂತ. ಆ ನವೆಂಬರ್‌ನಲ್ಲಿ ಫುಲ್ ಗಿಯರ್ ಶೋನ ನಿಯಮಾನೇ ಇಲ್ಲದ ಟೆಕ್ಸಾಸ್ ಡೆತ್ ಮ್ಯಾಚಲ್ಲಿ ಪೇಜ್ ಸ್ವರ್ವ್ ಹಣೆ ರಕ್ತನ ತನ್ನ ಬಾಯಿಗೆ ಬಿಟ್ಕೊಂಡ, ನನಗೆ ಅದು ನೋಡೋಕಾಗ್ಲಿಲ್ಲ, ಇಂಥದ್ದು ಇಷ್ಟ ಇಲ್ಲದವ್ರು ಅದನ್ನ ಬಿಟ್ಟುಬಿಡಿ. ಆ ಮ್ಯಾಚ್ ಮುಗಿದಿದ್ದು ಸ್ವರ್ವ್ ಒಂದು ಚೈನನ್ನ ಪೇಜ್ ಕುತ್ತಿಗೆಗೆ ಸುತ್ತಿ ನೇತು ಹಾಕಿದ್ರಿಂದ. ಈ ಚೈನನ್ನ ನೆನಪಲ್ಲಿಡಿ. ಮುಂದೆ ಸ್ವರ್ವ್ ಚಾಂಪಿಯನ್ ಆದ, ಪೇಜ್ ದ್ವೇಷದಲ್ಲಿ ಕೊಳೀತಾ ಕೊಳೀತಾ ಸ್ವರ್ವ್ ಬಾಲ್ಯದ ಮನೆಗೆ ಬೆಂಕಿ ಇಟ್ಟ, ಹೀರೋ ಆಗಿದ್ದವನು ಮನುಷ್ಯನಾಗೇ ಉಳೀಲಿಲ್ಲ. 2025ರ ಜುಲೈ 12ಕ್ಕೆ ಟೆಕ್ಸಾಸ್‌ನ ಆಲ್ ಇನ್, ಎದುರಿಗೆ ಜಾನ್ ಮಾಕ್ಸ್ಲಿ, ಬೆಲ್ಟನ್ನ ಬ್ರೀಫ್‌ಕೇಸಲ್ಲಿ ಬೀಗ ಹಾಕಿ ತಿಂಗಳುಗಟ್ಟಲೆ ಯಾರಿಗೂ ತೋರಿಸದೆ ಇಟ್ಟಿದ್ದವನು. ಕೊನೇ ಹೊತ್ತಲ್ಲಿ ಸ್ವರ್ವ್ ಬಂದ, ಕೈಯಲ್ಲಿ ಚೈನ್. ಪೇಜ್ ಕೈಗೆ ಕೊಟ್ಟ. ಅದೇ ಚೈನ್ ಮಾಕ್ಸ್ಲಿ ಕುತ್ತಿಗೆಗೆ ಬಿತ್ತು, ಅವನು ಸೋಲೊಪ್ಪಿಕೊಂಡ, ಬ್ರೀಫ್‌ಕೇಸ್ ತೆಗೆದು ಪೇಜ್ ಬೆಲ್ಟನ್ನ ಹೊರಗೆ ತಂದ.

ಕಾಮೆಂಟ್ರಿಯವ್ರು ಗಂಟೆಗಟ್ಟಲೆ ವಿವರಿಸ್ಬೇಕಾಗಿರ್ಲಿಲ್ಲ, ಎರಡು ವರ್ಷದ ಹಿಂದೆ ತನ್ನನ್ನ ಸೋಲಿಸಿದ ವಸ್ತು ಈಗ ಗೆಲ್ಲಿಸ್ತು, ಕೊಟ್ಟವನು ಅದರಿಂದ ಸೋಲಿಸಿದವನೇ. ಸೋಲನ್ನ ಇಷ್ಟು ಜೋಪಾನವಾಗಿ ಕಾಪಾಡ್ಕೊಂಡು ಬಂದಿದ್ದು ಡಬ್ಲ್ಯುಡಬ್ಲ್ಯುಇನಲ್ಲಿ ನಾನು ನೋಡಿಲ್ಲ.

ಹಾಗಂತ ಎಇಡಬ್ಲ್ಯುಗೆ ಪೂರ್ತಿ ಮಾರ್ಕ್ಸ್ ಕೊಡೋಕಾಗಲ್ಲ. ಈ ಒಂದು ಕಥೆಗೆ ಕೊಟ್ಟ ಗಮನ ಮಿಕ್ಕಿದ್ದಕ್ಕಿಲ್ಲ. ಬೆಲ್ಟುಗಳು ಎಷ್ಟು ಅಂತ ಎಣಿಸೋಕೆ ಹೋದ್ರೆ ತಲೆ ಕೆಡುತ್ತೆ, ಸುಮ್ನೆ ಬುಧವಾರದ ಡೈನಮೈಟ್‌ನಲ್ಲಿ ಇಬ್ರು ಇಪ್ಪತ್ತು ನಿಮಿಷ ಪ್ರಾಣ ಪಣಕ್ಕಿಟ್ಟು ಆಡ್ತಾರೆ, ರಿಂಗ್ ಅಂಚಿನ ಏಪ್ರನ್ ಮೇಲೆ ಕುತ್ತಿಗೆ ಊರಿ ಬೀಳ್ತಾರೆ, ಮೂರು ಫಿನಿಷರ್ (ಮ್ಯಾಚ್ ಮುಗಿಸೋ ಪಟ್ಟು) ತಿಂದೂ ರೆಫ್ರಿ ಮೂರು ಎಣಿಸೋದ್ರೊಳಗೆ ಕಿಕ್ ಔಟ್ ಮಾಡ್ತಾರೆ, ಮುಂದಿನ ವಾರ ಇಬ್ಬರಿಗೂ ಬೇರೆ ಬೇರೆ ಜಗಳ, ಅದರ ಸುದ್ದಿನೇ ಇಲ್ಲ. ದೊಡ್ಡ ಶೋಗಳಂತೂ ನಾಲ್ಕು ಗಂಟೆ ದಾಟಿದ್ರೂ ಮುಗಿಯಲ್ಲ, ಒಂಬತ್ತನೇ ಮ್ಯಾಚಿಗೆ ಬರೋ ಹೊತ್ತಿಗೆ ಕ್ರೌಡೂ ಸುಸ್ತು ನಾವೂ ಸುಸ್ತು. ಈ ವಿಷಯದಲ್ಲಿ ಡಬ್ಲ್ಯುಡಬ್ಲ್ಯುಇ ಜಾಣತನ ಒಪ್ಪಲೇಬೇಕು, ದೊಡ್ಡ ಶೋಗೆ ಐದಾರು ಮ್ಯಾಚ್, ಪ್ರತಿಯೊಂದಕ್ಕೂ ಉಸಿರಾಡೋಕೆ ಜಾಗ. ಆದ್ರೆ ಮಧ್ಯೆ ಮಧ್ಯೆ ಜಾಹೀರಾತು, ರಿಂಗ್ ಮ್ಯಾಟ್ ತುಂಬ ಲೋಗೋ, ಮ್ಯಾಚ್‌ಗಿಂತ ಎಂಟ್ರೆನ್ಸ್ ಉದ್ದ ಅನ್ಸೋ ರಾತ್ರಿಗಳೂ ಇವೆ.

ಸುಮ್ಮಸುಮ್ಮನೆ ಹೊರಗಿನವ್ರು ಬಂದು ಮ್ಯಾಚ್ ಕೆಡಿಸೋ ರೋಗ ಮೂರೂ ಕಡೆ ಇದೆ, ಅದರಲ್ಲಿ ಯಾರೂ ಸಾಚಾ ಅಲ್ಲ. ಬ್ಲಡ್‌ಲೈನ್ ಮ್ಯಾಚಲ್ಲಿ ಮೇನ್ ಇವೆಂಟ್ ಅಂದ್ರೆ ರನ್-ಇನ್ ಆಗೇ ಆಗುತ್ತೆ, ಮಾಕ್ಸ್ಲಿ ಚಾಂಪಿಯನ್ ಆಗಿದ್ದ ಆ ಒಂಬತ್ತು ತಿಂಗಳು ಡೆತ್ ರೈಡರ್ಸ್ ಅಂತ ಗ್ಯಾಂಗ್ ಬಂದು ಪ್ರತಿ ಡಿಫೆನ್ಸ್‌ನೂ ಹಾಳು ಮಾಡ್ತಿತ್ತು, ನ್ಯೂ ಜಪಾನ್‌ನಲ್ಲಿ ಈವಿಲ್‌ನ ಹೌಸ್ ಆಫ್ ಟಾರ್ಚರ್ ಅನ್ನೋ ಗ್ಯಾಂಗ್ ವರ್ಷಾನುಗಟ್ಟಲೆ ಇದನ್ನೇ ಮಾಡಿದ್ದು, ಲೈಟ್ ಆಫ್ ಮಾಡೋದು, ರೆಫ್ರಿನ ಬೀಳಿಸೋದು, ಟರ್ನ್‌ಬಕಲ್ ಪ್ಯಾಡ್ ಕಿತ್ತಾಕೋದು. ನಾನು ಅವರ ಮ್ಯಾಚನ್ನ ಓಡಿಸ್ಕೊಂಡು ನೋಡ್ತಿದ್ದೆ. ಸೋತವನಿಗೆ "ನಾನು ಸೋತೆ" ಅಂತ ಅನ್ಸೋಕೆ ಬಿಡದೆ ಇರೋದೇ ಇದರ ದೊಡ್ಡ ದೋಷ, ನಾಲ್ಕು ಜನ ಸೇರಿ ಹೊಡೆದು ಸೋಲಿಸಿದ್ರೆ ಅದರಲ್ಲಿ ಅವನು ಕಲಿಯೋದೇನಿದೆ, ಮುಂದಿನ ಸಲ ತಿದ್ಕೊಳ್ಳೋದೇನಿದೆ.

ಇದಕ್ಕೆ ಮದ್ದು ಲೀಗ್. ನ್ಯೂ ಜಪಾನ್‌ನ ಜಿ1 ಕ್ಲೈಮ್ಯಾಕ್ಸ್ ನೋಡದೆ ಇರೋರು ಒಂದು ವರ್ಷ ನೋಡ್ಲೇಬೇಕು. ಎರಡು ಬ್ಲಾಕ್, ಬ್ಲಾಕಲ್ಲಿರೋ ಪ್ರತಿಯೊಬ್ಬನೂ ಪ್ರತಿಯೊಬ್ಬನ ಜೊತೆ ಆಡ್ಬೇಕು, ಗೆದ್ರೆ 2 ಪಾಯಿಂಟ್ ಡ್ರಾ ಆದ್ರೆ 1, ಬೇಸಿಗೆ ಪೂರ್ತಿ ಊರಿಂದ ಊರಿಗೆ ಸುತ್ಕೊಂಡು ಆಡ್ತಾರೆ. ಇಲ್ಲಿ ಚಾಂಪಿಯನ್ ಕೂಡ ಸೋಲ್ತಾನೆ, ಸೋಲಿಸಿದವನು ಚಳಿಗಾಲಕ್ಕೆ ಬಂದು ನಾನು ಆವತ್ತು ನಿನ್ನ ಪಿನ್ ಮಾಡಿದ್ದೆ ಬೆಲ್ಟಿಗೆ ಚಾನ್ಸ್ ಕೊಡು ಅಂತಾನೆ, ಅಂದ್ರೆ ಒಂದು ಸೋಲು ನಾಲ್ಕು ತಿಂಗಳಿಗಾಗೋ ಮ್ಯಾಚ್ ಹುಟ್ಟಿಸಿ ಹೋಗಿರುತ್ತೆ. ಹಿರೋಕಿ ಗೋಟೋ ಉದಾಹರಣೆ ತಗೊಳ್ಳಿ. 2008ರಲ್ಲೇ ಜಿ1 ಗೆದ್ದವನು, ಆಮೇಲೆ ದೊಡ್ಡ ಬೆಲ್ಟಿಗೆ ಎಷ್ಟು ಸಲ ಹೋದ್ರೂ ಸೋತು ಸೋತು ವಾಪಸ್ ಬಂದವನು, ಇವನ ಕೈಲಿ ಆಗಲ್ಲ ಅಂತ ಎಲ್ರೂ ಕೈ ಬಿಟ್ಟಿದ್ರು, 2025ರ ಫೆಬ್ರವರಿಲಿ ಒಸಾಕಾದಲ್ಲಿ 45ನೇ ವಯಸ್ಸಿಗೆ ಜ್ಯಾಕ್ ಸೇಬರ್ ಜೂನಿಯರ್‌ನ ಸೋಲಿಸಿ ಗೆದ್ದ. ರೆಫ್ರಿ ಮೂರು ಹೊಡೆದಾಗ ಆ ಹಾಲಲ್ಲಿ ಎದ್ದ ಸದ್ದು, ಗೋಟೋ ಮುಖ, ಅದನ್ನ ಯಾವ ರೈಟರೂ ಬರೆದು ಕೊಡೋಕಾಗಲ್ಲ, 17 ವರ್ಷದ ಸೋಲುಗಳು ಬರೆದಿದ್ದು ಅದು.

ಎಇಡಬ್ಲ್ಯು ಇದನ್ನ ನೋಡಿ 2023ರಲ್ಲಿ ಕಾಂಟಿನೆಂಟಲ್ ಕ್ಲಾಸಿಕ್ ಅಂತ ಶುರು ಮಾಡ್ತು, 20 ನಿಮಿಷ ಟೈಮ್ ಲಿಮಿಟ್, ಗೆದ್ರೆ 3 ಪಾಯಿಂಟ್, ಹೊರಗಿನವ್ರು ರಿಂಗ್ ಹತ್ರ ಸುಳಿಯೋ ಹಾಗಿಲ್ಲ. ಮೊದಲ ವರ್ಷ ಎಡ್ಡಿ ಕಿಂಗ್‌ಸ್ಟನ್ ಮೊದಲೆರಡು ಮ್ಯಾಚ್ ಸೋತು, ಕೈಲಿದ್ದ ಬೆಲ್ಟುಗಳನ್ನೂ ಪಣಕ್ಕಿಟ್ಟಿದ್ದವನು ಪೂರ್ತಿ ಕಳ್ಕೊಳ್ತಾನೆ ಅನ್ನೋ ಹೊತ್ತಲ್ಲಿ ಒಂದೊಂದೇ ಗೆಲ್ತಾ ಬಂದು ಫೈನಲ್‌ನಲ್ಲಿ ಹಳೇ ಗೆಳೆಯ ಮಾಕ್ಸ್ಲಿನ ಸೋಲಿಸಿದ. ಪ್ರತಿ ಡಿಸೆಂಬರ್ ಎಇಡಬ್ಲ್ಯು ನೋಡೋಕೆ ಚೆಂದ, ಕಾರಣ ಆ ನಿಯಮಗಳು. ಮಿಕ್ಕ ಹನ್ನೊಂದು ತಿಂಗಳೂ ಹಾಗೇ ಇರ್ಬಾರ್ದಾ ಅನ್ಸುತ್ತೆ.

ನ್ಯೂ ಜಪಾನ್‌ಗೆ ಕಷ್ಟ ಬೇರೆ. ಜೇ ವೈಟ್, ಆಸ್ಪ್ರೇ, ಒಕಾಡಾ, ನಾಯಿತೋ ಎಲ್ರೂ ಒಬ್ಬೊಬ್ಬರಾಗಿ ಬಿಟ್ಟುಹೋದ್ರು. ವರ್ಷದ ಮಾಮೂಲಿ ಶೋಗಳಲ್ಲಿ ಅರ್ಧ ಕಾರ್ಡ್ ಆರಾರು ಜನರ ಟ್ಯಾಗ್ ಮ್ಯಾಚೇ, ಅದನ್ನ ನೋಡ್ಲಿಲ್ಲ ಅಂದ್ರೆ ಏನೂ ನಷ್ಟ ಇಲ್ಲ. ನಮಗೆ ಒಂದು ಅನುಕೂಲ ಅಂದ್ರೆ ಟೈಮಿಂಗ್, ಅಲ್ಲಿ ಸಂಜೆ ಆರೂವರೆಗೆ ಶುರುವಾಗೋ ಶೋ ನಮಗೆ ಮಧ್ಯಾಹ್ನ ಮೂರಕ್ಕೆ. ಡಬ್ಲ್ಯುಡಬ್ಲ್ಯುಇನ ವಾರದ ಶೋ ರಾ ನೋಡ್ಬೇಕಂದ್ರೆ ಮಂಗಳವಾರ ಬೆಳಗ್ಗೆ ಐದೂವರೆಗೆ ಏಳ್ಬೇಕು, ಚಳಿಗಾಲದಲ್ಲಿ ಆರೂವರೆ, ಆದ್ರೆ 2025ರ ಏಪ್ರಿಲಿಂದ ಎಲ್ಲ ನೆಟ್‌ಫ್ಲಿಕ್ಸಲ್ಲೇ ಇರೋದ್ರಿಂದ ಆಫೀಸ್ ಮುಗಿಸಿ ರಾತ್ರಿ ನೋಡ್ಬಹುದು, ಸ್ಪಾಯ್ಲರ್ ತಪ್ಪಿಸ್ಕೊಳ್ಳೋದೇ ಕೆಲಸ.

ಹೆಂಗಸರ ಮ್ಯಾಚ್‌ಗಳಲ್ಲಿ ಡಬ್ಲ್ಯುಡಬ್ಲ್ಯುಇ ಮುಂದೆ, ಅದರಲ್ಲಿ ಅನುಮಾನ ಇಲ್ಲ. ರೆಸಲ್‌ಮೇನಿಯಾ 41ರಲ್ಲಿ ಇಯೋ ಸ್ಕೈ, ರಿಯಾ ರಿಪ್ಲಿ, ಬಿಯಾಂಕಾ ಬೆಲೇರ್ ಆಡಿದ ಮ್ಯಾಚ್ ಆ ಎರಡೂ ರಾತ್ರಿಲಿ ಬೆಸ್ಟ್, ಅದನ್ನ ಶೋ ಮೊದಲಿಗೇ ಇಟ್ಬಿಟ್ರು, ಕೊನೆಗಿಡ್ಬೇಕಿತ್ತು. ಆದ್ರೆ ಒಂದೇ ಒಂದು ಫ್ಯೂಡ್ (ಜಗಳದ ಕಥೆ) ಆರಿಸು ಅಂದ್ರೆ ನಾನು ಎಇಡಬ್ಲ್ಯುನ ಟೋನಿ ಸ್ಟಾರ್ಮ್ ಮತ್ತು ಮರಾಯಾ ಮೇ ಕಡೆ ಕೈ ತೋರಿಸ್ತೀನಿ, ಹಳೇ ಕಪ್ಪು ಬಿಳುಪು ಸಿನಿಮಾ ನಟಿ ಅಂದ್ಕೊಂಡಿರೋ ಟೋನಿ, ಅವಳನ್ನ ಪೂಜಿಸ್ತಾ ಪಕ್ಕದಲ್ಲಿದ್ದು ಒಂದು ದಿನ ಹೊಡೆದು ರಕ್ತ ಸುರಿಸಿ ಜಾಗ ಕಿತ್ಕೊಂಡ ಶಿಷ್ಯೆ. 2025ರ ಮಾರ್ಚ್‌ನ ರೆವಲ್ಯೂಷನ್ ಶೋ ಹುಡುಕಿ ನೋಡಿ.

ಡಬ್ಲ್ಯುಡಬ್ಲ್ಯುಇಗೆ ನನ್ನದು ಒಂದೇ ಬೇಡಿಕೆ. ತನ್ನ ಟೂರ್ನಮೆಂಟ್ ಕಿಂಗ್ ಆಫ್ ದಿ ರಿಂಗ್‌ನ ನಾಕ್ ಔಟ್ ಥರ ನಡೆಸೋದು ಬಿಟ್ಟು ಲೀಗ್ ಮಾಡ್ಲಿ. ಗುಂಥರ್, ಸಾಮಿ, ಇಲ್ಯಾ, ಶೇಮಸ್, ಬ್ರಾನ್ ಬ್ರೇಕರ್ ಒಂದು ಬ್ಲಾಕಲ್ಲಿ ಇದ್ರೆ ಹೇಗಿರುತ್ತೆ ಅಂತ ಯೋಚ್ನೆ ಮಾಡಿ, ಆರು ವಾರ ರಾ ಮೇಲೆ ನಡೀಲಿ, ಚಾಂಪಿಯನ್ ಕೂಡ ಒಳಗಿರ್ಲಿ, ಎರಡು ಸಲ ಕ್ಲೀನಾಗಿ ಸೋಲಲಿ, ಸೋಲಿಸಿದವನಿಗೆ ಸಮ್ಮರ್‌ಸ್ಲ್ಯಾಮ್‌ನಲ್ಲಿ ಟೈಟಲ್ ಮ್ಯಾಚ್ ಕೊಡ್ಲಿ.